ಐದು ಜನರ ಸೀಸೆ

ಕೆಲಸಕ್ಕೆ ಸೇರಿದ ಮೊದಲ ದಿನವೇ ಆಯಮ್ಮ ಸೂಜಿಯಕ್ಕನ ಕೈಯಲ್ಲಿ ಬೈಸಿಕೊಂಡಳು. ಹೆರಿಗೆ ವಾರ್ಡಿನ ಪಕ್ಕದ ಸಣ್ಣ ಕೋಣೆಯಲ್ಲಿ ಒಂದು ಫ್ರಿಜ್ ಇತ್ತು. ಬಿಸಿಲ ಹೊತ್ತು, ಇಡೀ ವಾರ್ಡಿನ ನೆಲ ಒರೆಸಿ ಗಂಟಲು ಒಣಗಿತ್ತು. ತನ್ನ ನೀರಿನ ಬಾಟಲಿಯನ್ನು ತಣ್ಣಗಾಗಲಿ ಎಂದು ಆಯಮ್ಮ ಅದರೊಳಗೆ ಇಟ್ಟಳು. ಕಸ ಸುರಿದು ವಾಪಸು ಬರುವಷ್ಟರಲ್ಲಿ ಬಾಟಲಿ ಬಾಗಿಲ ಹೊರಗೆ ನೆಲದ ಮೇಲೆ ಕೂತಿತ್ತು. ಪಕ್ಕದಲ್ಲಿ ದಪ್ಪ ಕನ್ನಡಕದ ಗಿಡ್ಡ ನರ್ಸ್ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು.

"ಈ ನೀರಿನ ಯಜಮಾನಿ ಯಾರು?"

"ನಾನೇ ಸಿಸ್ಟರ್. ಇವತ್ತೇ ಸೇರಿದ್ದು."

"ಇವತ್ತೇ ಸೇರಿ ಇವತ್ತೇ ನನ್ನ ಫ್ರಿಜ್ ಕೆಡಿಸ್ತಿದ್ದೀರಿ. ಇದರ ಬಾಗಿಲು ನಾನು ಬೆಳಿಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ತೆಗೀತೀನಿ. ನನ್ನ ಗಂಡನ ಹತ್ರ ಕೂಡ ದಿನಕ್ಕೆ ಎರಡು ಸಲ ಬಾಯಿ ತೆಗೆಯಲ್ಲ. ಮೂರನೇ ಸಲ ತೆಗೆದ್ರೆ ಒಳಗಿನ ಚಳಿ ಹೋಗುತ್ತೆ. ಚಳಿ ಹೋದ್ರೆ ಲಸಿಕೆ ಸತ್ತ ಹಾಗೆ. ಸತ್ತ ಲಸಿಕೆ ಚುಚ್ಚಿಸ್ಕೊಂಡವಳು ತನಗೆ ಏನೂ ಆಗಲ್ಲ ಅಂದ್ಕೊಂಡು ನಿಶ್ಚಿಂತೆಯಿಂದ ಇರ್ತಾಳೆ. ಅರ್ಥ ಆಯ್ತಾ?"

ಆಯಮ್ಮನಿಗೆ ಅರ್ಧ ಅರ್ಥವಾಯಿತು. ಆದರೆ ಅಂದಿನಿಂದ ಅವಳು ಆ ಫ್ರಿಜ್ಜಿನ ಹೊರಮೈ ಒರೆಸುವಾಗಲೂ ಮಲಗಿದ ಮಗುವಿನ ಮೈ ಒರೆಸುವ ಹಾಗೆ ಮೆಲ್ಲಗೆ ಒರೆಸುತ್ತಿದ್ದಳು.

ಗಂಡ ಸತ್ತ ಮೇಲೆ ಮಗಳನ್ನು ದಡ ಸೇರಿಸಲು ಹಿಡಿದ ಕೆಲಸ ಅದು. ಆಯಮ್ಮ ಓದಿದ್ದು ಮೂರನೇ ಕ್ಲಾಸು. ಅಕ್ಷರಗಳನ್ನು ಒಂದೊಂದಾಗಿ ಬೆರಳಿಟ್ಟು ಕೂಡಿಸಬೇಕಾಗುತ್ತಿತ್ತು. ಸೂಜಿಯಕ್ಕ ಅವಳಿಗೆ ಲಸಿಕೆಯ ಹೆಸರುಗಳನ್ನು ಡಬ್ಬಿಯ ಮೇಲಿನಿಂದ ಓದಿಸಿ ಕಲಿಸಿದಳು. ಬಸುರಿಯರಿಗೆ ಕೊಡುವ ಧನುರ್ವಾಯುವಿನದು ಒಂದು ಡಬ್ಬಿ. ಮುಂದಿನ ಬಸಿರಿನ ಕೂಸಿಗೆ ಕುಂದು ಬಾರದಿರಲಿ ಎಂದು ಹೆತ್ತ ಮೇಲೆ ಕೊಡುವ ರುಬೆಲ್ಲಾದ್ದು ಇನ್ನೊಂದು. ಬೆಳೆದ ಹುಡುಗಿಯರಿಗೆ, ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಾರದಿರಲಿ ಎಂದು ಕೊಡುವುದು ಮತ್ತೊಂದು.

ಸೂಜಿಯಕ್ಕ ಎನ್ನುವುದು ಹೆಂಗಸರು ಇಟ್ಟ ಹೆಸರು. ಹೊಟ್ಟೆ ತೋರಿಸಲು ಬಂದವಳು, ಬಿಳಿ ಹೋಗುತ್ತದೆ ಎಂದು ಬಂದವಳು, ಮುಟ್ಟು ತಪ್ಪಿದೆ ಎಂದು ಬಂದವಳು, ಯಾರೇ ಇರಲಿ, ಮೊದಲು ಅವಳ ಮುಂದಿನ ಸ್ಟೂಲಿನ ಮೇಲೆ ಕೂರಬೇಕು. ಅವಳು ರಕ್ತದೊತ್ತಡ ನೋಡುವ ಪಟ್ಟಿಯನ್ನು ರಟ್ಟೆಗೆ ಬಿಗಿಯಾಗಿ ಸುತ್ತಿದ ಮೇಲೆಯೇ ಲಸಿಕೆಯ ಮಾತು ಎತ್ತುತ್ತಿದ್ದಳು. "ಪಟ್ಟಿ ಸುತ್ತಿದ್ರೆ ಎದ್ದು ಓಡೋಕಾಗಲ್ಲ ನೋಡಿ" ಎಂದು ಆಯಮ್ಮನಿಗೆ ಗುಟ್ಟು ಹೇಳಿದ್ದಳು. ಪಟ್ಟಿಯ ಗಾಳಿ ಇಳಿಯುವಷ್ಟರಲ್ಲಿ ಅವಳ ಮಾತೂ ಮುಗಿಯುತ್ತಿತ್ತು, ಮುಕ್ಕಾಲು ಪಾಲು ಹೆಂಗಸರು ಇನ್ನೊಂದು ರಟ್ಟೆ ಕೊಡುತ್ತಿದ್ದರು.

ಒಮ್ಮೆ ಒಬ್ಬ ಅತ್ತೆ ಸೊಸೆಯ ಕೈ ಹಿಡಿದು ಎಳೆದಳು. "ನಾನು ಏಳು ಹೆತ್ತೆ. ಒಂದು ಸೂಜಿನೂ ಮುಟ್ಟಿಸಿಕೊಂಡಿಲ್ಲ."

"ಏಳರಲ್ಲಿ ಉಳಿದಿದ್ದೆಷ್ಟಮ್ಮ?"

"ನಾಲ್ಕು."

"ಮೂರು ಕಳ್ಕೊಳ್ಳೋ ಶಕ್ತಿ ನಿಮ್ಮ ಸೊಸೆಗಿದೆಯಾ ಅಂತ ಕೇಳಿ ನೋಡಿ. ಇದ್ರೆ ಕರ್ಕೊಂಡು ಹೋಗಿ."

ಸೊಸೆ ತಾನಾಗಿಯೇ ತೋಳು ಮೇಲೆತ್ತಿದಳು. ಅತ್ತೆ ಹೊರಗೆ ಹೋಗಿ ಬೆಂಚಿನ ಮೇಲೆ ಕೂತವರಿಗೆಲ್ಲ ಕೇಳುವ ಹಾಗೆ ಅಂದಳು: "ತಾನು ಒಂದೂ ಹೆರದವಳು ನನಗೆ ಹೆರೋದು ಹೇಳಿಕೊಡ್ತಾಳೆ."

ಮಾತು ಒಳಗೆ ಕೇಳಿಸಿತು. ಸೂಜಿಯಕ್ಕ ಕನ್ನಡಕ ತೆಗೆದು ಒರೆಸಿಕೊಂಡು ಮುಂದಿನವಳನ್ನು ಕರೆದಳು.

ರುಬೆಲ್ಲಾದ ಒಂದು ಸೀಸೆಯಲ್ಲಿ ಐದು ಜನರಿಗೆ ಆಗುವಷ್ಟು ಲಸಿಕೆ ಇರುತ್ತದೆ. ನೀರು ಬೆರೆಸಿದ ಮೇಲೆ ಆರು ಗಂಟೆಯೊಳಗೆ ಖರ್ಚಾಗಬೇಕು, ಉಳಿದದ್ದು ಕೆಂಪು ಬುಟ್ಟಿಗೆ. ಉಗ್ರಾಣದ ಸಾಹೇಬರಿಗೆ ಕೆಂಪು ಬುಟ್ಟಿಯೆಂದರೆ ಮೈ ಉರಿ. ಮೂವರಾದರೂ ಸೇರದೆ ಸೀಸೆ ತೆರೆಯಬಾರದು ಎಂದು ಕಾಗದ ಅಂಟಿಸಿದ್ದರು. ಬಸಿರಲ್ಲಿ ಆ ಲಸಿಕೆ ಕೊಡುವ ಹಾಗಿಲ್ಲ, ಹೆತ್ತು ಮನೆಗೆ ಹೋಗುವ ಮುಂಚೆ ಕೊಡಬೇಕು. ಹೆಂಗಸರು ಮೂವರು ಮೂವರು ಸೇರಿಕೊಂಡು ಹೆರುತ್ತಾರೆಯೇ? ಸೂಜಿಯಕ್ಕ ಒಬ್ಬಳಿಗಾಗಿಯೂ ತೆರೆಯುತ್ತಿದ್ದಳು. ಅದಕ್ಕಾಗಿ ಅವಳಿಗೆ ಎರಡು ಎಚ್ಚರಿಕೆಯ ಪತ್ರ ಬಂದಿದ್ದವು. ಮೂರನೆಯದು ಬಂದರೆ ಹೆಂಗಸರ ವಾರ್ಡಿನಿಂದ ತೆಗೆದು ಕಡತಗಳ ಕೋಣೆಗೆ ಹಾಕುತ್ತಾರೆ ಎಂದು ಎಲ್ಲರಿಗೂ ಗೊತ್ತಿತ್ತು. ದೊಡ್ಡ ಡಾಕ್ಟರಮ್ಮನಿಗೂ ಆ ನಿಯಮ ಸರಿಯಿಲ್ಲವೆಂದು ಗೊತ್ತು. "ಮೇಲಕ್ಕೆ ಬರೆದಿದ್ದೀನಿ" ಎನ್ನುತ್ತಿದ್ದರು. ಮೇಲಿನವರು ಓದಿದ ಹಾಗೆ ಕಾಣಲಿಲ್ಲ.

ನಾಲ್ಕನೇ ವರ್ಷ ಆಯಮ್ಮನ ಮಗಳು ಅದೇ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ ಗಂಡು ಹೆತ್ತಳು. ಮೂರನೇ ದಿನ ಶನಿವಾರ, ಮಧ್ಯಾಹ್ನ ಮನೆಗೆ ಹೊರಡಬೇಕು. ಮಗುವಿಗೆ ಹಾಲು ಕೊಟ್ಟು ಮಗಳು ಬಾಯಿ ತೆರೆದು ನಿದ್ದೆ ಹೋಗಿದ್ದಳು. ಸೂಜಿಯಕ್ಕ ಟ್ರೇ ಹಿಡಿದು ಬಂದಳು. ಟ್ರೇಯಲ್ಲಿ ಹೆಬ್ಬೆರಳಿನಷ್ಟು ಸೀಸೆ.

"ಇವಳ ರಕ್ತ ಪರೀಕ್ಷೆ ಬಂದಿದೆ. ಇವಳಿಗೆ ರುಬೆಲ್ಲಾ ತಡೆಯೋ ಶಕ್ತಿ ಇಲ್ಲ. ಎಬ್ಬಿಸಿ, ಹಾಕ್ಬಿಡ್ತೀನಿ."

"ಇವತ್ತು ಬೇರೆ ಯಾರಿದ್ದಾರೆ ಸಿಸ್ಟರ್?"

"ಯಾರೂ ಇಲ್ಲ. ಇವಳೊಬ್ಬಳೇ."

ಆಯಮ್ಮ ಸೀಸೆ ನೋಡಿದಳು. ಸೋಪನ್ನು ಎರಡು ತುಂಡು ಮಾಡಿ ಎರಡು ತಿಂಗಳು ತಳ್ಳುವವಳು ಅವಳು. ನಾಲ್ಕು ಜನರ ಪಾಲು ಸಂಜೆಗೆ ಕೆಂಪು ಬುಟ್ಟಿಗೆ ಬೀಳುತ್ತದೆ. ಬುಟ್ಟಿಯನ್ನು ಒಯ್ದು ಸುರಿಯುವವಳೂ ತಾನೇ. ಸೋಮವಾರ ಉಗ್ರಾಣದ ಸಾಹೇಬರು ಮೂರನೇ ಪತ್ರ ಬರೆಯುತ್ತಾರೆ. ಆಯಾಳ ಮಗಳಿಗೋಸ್ಕರ ಅಕ್ಕ ಕೆಲಸ ಕೆಡಿಸಿಕೊಂಡಳು ಅಂತ ಇಡೀ ಆಸ್ಪತ್ರೆ ಆಡಿಕೊಳ್ಳುತ್ತದೆ.

"ಬೇಡ ಸಿಸ್ಟರ್" ಅಂದಳು. "ಒಬ್ಬಳಿಗೋಸ್ಕರ ತೆಗೀಬೇಡಿ. ನನ್ನಿಂದ ನಿಮಗೆ ಕೆಟ್ಟ ಹೆಸರು ಬೇಡ. ಗುರುವಾರ ಲಸಿಕೆಯ ದಿನ, ಜನ ಸೇರಿರ್ತಾರೆ, ನಾನೇ ಕರ್ಕೊಂಡು ಬರ್ತೀನಿ."

"ಇವತ್ತು ಹಾಕಿದ್ರೆ ಮುಗೀತು ಆಯಮ್ಮ. ಮನೆಗೆ ಹೋದವರು ವಾಪಸ್ ಬರಲ್ಲ."

"ಹೊರಗಿನವರು ಬರಲ್ಲ. ಇವಳು ನನ್ನ ಮಗಳು. ಕರ್ಕೊಂಡು ಬರದೆ ಇರ್ತೀನಾ?"

ಸೂಜಿಯಕ್ಕನ ಹೆಬ್ಬೆರಳು ಸೀಸೆಯ ಮುಚ್ಚಳದ ಮೇಲೆಯೇ ಇತ್ತು. ಮಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದಳು. "ಗುರುವಾರ" ಎಂದು ಸೂಜಿಯಕ್ಕ ಸೀಸೆಯನ್ನು ಫ್ರಿಜ್ಜಿಗೆ ವಾಪಸು ಇಟ್ಟಳು. ಅವಳು ಯಾರದೋ ಮಾತು ಕೇಳಿ ಲಸಿಕೆ ಹಿಂದಕ್ಕಿಟ್ಟದ್ದನ್ನು ಆಯಮ್ಮ ಅಲ್ಲಿಯವರೆಗೆ ಕಂಡಿರಲಿಲ್ಲ. ತನ್ನ ಮೇಲಿನ ನಂಬಿಕೆ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯಾಯಿತು.

ಗುರುವಾರ ಮಗುವಿಗೆ ನೆಗಡಿ. ಮುಂದಿನ ಗುರುವಾರ ಬೀಗಿತ್ತಿ ಬಂದು, ಬಾಣಂತನ ನಾವೇ ಮಾಡುತ್ತೇವೆ ಎಂದು ಸೊಸೆಯನ್ನು ಕರೆದುಕೊಂಡು ಹೋದಳು. ಬಸ್ಸಿನಲ್ಲಿ ಒಂದೂವರೆ ಗಂಟೆಯ ದಾರಿ. ಸೂಜಿಯಕ್ಕ ಗುರುವಾರ ಗುರುವಾರ ಕೇಳಿದಳು. "ಬಂದಳಾ?" "ಮುಂದಿನ ವಾರ ಸಿಸ್ಟರ್." ಐದಾರು ಸಲ ಹೀಗಾದ ಮೇಲೆ ಆಯಮ್ಮ ಗುರುವಾರಗಳಲ್ಲಿ ಹಿಂದಿನ ಮೆಟ್ಟಿಲು ಹತ್ತಿ ಬರತೊಡಗಿದಳು. ಆ ಮೇಲೆ ಸೂಜಿಯಕ್ಕನೂ ಕೇಳುವುದನ್ನು ಬಿಟ್ಟಳು. ದಿನಕ್ಕೆ ಅರವತ್ತು ಹೆಂಗಸರು. ಒಬ್ಬಳನ್ನು ಎಷ್ಟು ದಿನ ನೆನಪಿಟ್ಟುಕೊಳ್ಳಲು ಸಾಧ್ಯ?

ಒಂದೂವರೆ ವರ್ಷಕ್ಕೆ ಮಗಳು ಮತ್ತೆ ಬಸುರಿಯಾದಳು. ಎರಡನೇ ತಿಂಗಳಲ್ಲಿ ಅವರ ಬೀದಿಯ ಮಕ್ಕಳಿಗೆಲ್ಲ ಸಣ್ಣ ಕೆಂಪು ಗುಳ್ಳೆಯೆದ್ದು ಜ್ವರ ಬಂದಿತ್ತು. ಅವಳಿಗೂ ಬಂತು. ಮೂರು ದಿನ ಇತ್ತು, ಹೋಯಿತು. ಇದನ್ನೂ ಒಂದು ಕಾಯಿಲೆ ಎಂದು ಯಾರೂ ಯಾರಿಗೂ ಹೇಳಲಿಲ್ಲ. ನಾಲ್ಕನೇ ತಿಂಗಳಲ್ಲಿ ತಪಾಸಣೆಗೆ ಬಂದಾಗ ಸೂಜಿಯಕ್ಕ ಧನುರ್ವಾಯುವಿನ ಸೂಜಿ ಹಾಕಿದಳು.

ಹುಟ್ಟಿದ್ದು ಹೆಣ್ಣು. ಎರಡೂ ಕಣ್ಣುಗುಡ್ಡೆಗಳ ನಡುಮಧ್ಯೆ ಹಾಲಿನ ಹನಿ ಬಿದ್ದ ಹಾಗೆ ಬೆಳ್ಳಗಿತ್ತು. ತೊಟ್ಟಿಲ ಪಕ್ಕ ಸ್ಟೀಲಿನ ಟ್ರೇ ಕೈಜಾರಿ ಬಿದ್ದು ವಾರ್ಡೆಲ್ಲ ಬೆಚ್ಚಿದರೂ ಆ ಮಗು ರೆಪ್ಪೆ ಅಲುಗಿಸಲಿಲ್ಲ. ದೊಡ್ಡ ಡಾಕ್ಟರಮ್ಮ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. "ಬಸಿರಿನ ಮೊದಲಲ್ಲಿ ಮೈಮೇಲೆ ಕೆಂಪು ಗುಳ್ಳೆ ಎದ್ದಿತ್ತಾ?" ಎಂದರು. ಮಗಳು ಹೌದೆಂದು ತಲೆಯಾಡಿಸಿದಳು. ಡಾಕ್ಟರಮ್ಮ ನಿಧಾನವಾಗಿ ಎಲ್ಲ ಹೇಳಿದರು. ರುಬೆಲ್ಲಾ ಎಂದರು. ಕಣ್ಣು, ಕಿವಿ, ಹೃದಯ ಎಂದರು.

ಅವರು ಆಚೆ ಹೋಗುವುದನ್ನೇ ಬೀಗಿತ್ತಿ ಕಾದಿದ್ದಳು. "ಮೂರು ದಿನದ ಗುಳ್ಳೆಗೆ ಕಣ್ಣು ಹೋಗುತ್ತಂತೆ. ಇವರ ಕಥೆ ನಂಬೋಕೆ ನಾವೇನು ಕಿವಿಗೆ ಹೂ ಇಟ್ಕೊಂಡು ಬಂದಿದ್ದೀವಾ? ಆ ಬಂಜೆ ನಾಲ್ಕು ತಿಂಗಳ ಬಸುರಿಗೆ ಚುಚ್ಚಿದಳಲ್ಲ, ಆ ಸೂಜಿಯಿಂದ ಹೋಗಿದ್ದು."

ಮಗಳು ತಾಯಿಯ ಕಡೆ ತಿರುಗಿದಳು. "ಹೌದೇನಮ್ಮ? ಸೂಜಿಯಿಂದಾನಾ? ನೀನು ಇಲ್ಲೇ ಇರೋಳು, ನಿನಗೆ ಗೊತ್ತಿರುತ್ತೆ."

ಸೂಜಿಯಕ್ಕ ಎರಡು ಮಂಚ ಆಚೆ ನಿಂತಿದ್ದಳು. ಆಯಮ್ಮ ಬಕೆಟ್ಟಿಗೆ ಬಟ್ಟೆ ಅದ್ದಿ, ಹಿಂಡಿ, ಒರೆಸಿದ ಜಾಗವನ್ನೇ ಮತ್ತೆ ಒರೆಸಿದಳು. "ನನಗೇನು ಗೊತ್ತಾಗುತ್ತೆ ತಾಯಿ, ನಾನು ಓದಿದವಳಾ?" ಅಂದಳು.

ಆ ಮಧ್ಯಾಹ್ನ ಫ್ರಿಜ್ಜಿನ ಕೋಣೆಯಲ್ಲಿ ಅವಳಿಗೆ ಬಾಯಿ ಬಂತು. "ಸಿಸ್ಟರ್, ಅವತ್ತು ಶನಿವಾರ ನಾನು ಬೇಡ ಅಂದೆ. ಅದು ಅವಳಿಗೆ ಗೊತ್ತೇ ಇಲ್ಲ."

"ತೆಗೀಬೇಕಾದವಳು ನಾನು. ತೆಗೀಲಿಲ್ಲ" ಎಂದಳು ಸೂಜಿಯಕ್ಕ. "ಈಗ ಹೇಳೋಕೆ ಹೋಗಬೇಡಿ. ಅವಳಿಗೆ ಹಿಡ್ಕೊಂಡು ಅಳೋಕೆ ಅಮ್ಮ ಬೇಕು. ಬೈಯೋಕೆ ನಾನಿದ್ದೀನಲ್ಲ. ಸ್ವಲ್ಪ ದಿನ ಹೋಗಲಿ."

ಸ್ವಲ್ಪ ದಿನ ಹೋಯಿತು. ಆಯಮ್ಮ ಹೇಳಲಿಲ್ಲ. ಮಗಳು ಮಗುವನ್ನು ಹೃದಯದ ತಪಾಸಣೆಗೆ ತರುವಾಗಲೆಲ್ಲ ಬಸುರಿಯರ ಸಾಲಿನ ಮುಂದೆ ನಿಂತು, ಮಗುವಿನ ಮುಖದ ಮೇಲಿನ ಬಟ್ಟೆ ಸರಿಸುತ್ತಿದ್ದಳು. "ನೋಡಿ. ಇಲ್ಲೇ ಸೂಜಿ ಹಾಕಿಸಿಕೊಂಡಿದ್ದು. ಅಲ್ಲಿ ಕೂತಿದ್ದಾಳಲ್ಲ, ಅವಳೇ ಹಾಕಿದ್ದು." ಮೊದಲ ಸಲ ನಾಲ್ಕು ಜನ ಎದ್ದು ಹೋದರು. ಎರಡನೇ ಸಲ ಅರ್ಧ ಬೆಂಚು ಖಾಲಿಯಾಯಿತು. ಆಯಮ್ಮ ಅದೇ ಬೆಂಚಿನ ಕೆಳಗೆ ಕಸ ಗುಡಿಸುತ್ತಿದ್ದಳು. ಹೆಂಗಸರು ಕಾಲು ಎತ್ತಿಕೊಟ್ಟರು, ಅವಳು ಗುಡಿಸಿದಳು.

ಪಟ್ಟಿ ಸುತ್ತಲು ಹೋದರೆ ಹೆಂಗಸರು ಸೆರಗಿನೊಳಗೆ ಎರಡೂ ರಟ್ಟೆ ಮುಚ್ಚಿಕೊಳ್ಳತೊಡಗಿದರು. "ಒತ್ತಡ ನೋಡೋದು ಅಷ್ಟೇನಮ್ಮ" ಎಂದರೂ ಕೊಡುತ್ತಿರಲಿಲ್ಲ. ಸೂಜಿಯಕ್ಕ ಎನ್ನುವ ಹೆಸರು ಹೋಗಿ ಕಣ್ಣು ತಿಂದವಳು ಎಂದಾಯಿತು. ತಾಯಂದಿರು ಬೆಳೆದ ಹುಡುಗಿಯರನ್ನು ಅವಳ ಕೋಣೆಯ ಮುಂದೆ ದಾಟಿಸುವುದನ್ನೂ ಬಿಟ್ಟರು. ಫ್ರಿಜ್ಜಿನಲ್ಲಿ ಸೀಸೆಗಳು ತೆರೆಯದೆ, ತಾರೀಖು ಮುಗಿದು, ಡಬ್ಬಿಡಬ್ಬಿಯೇ ಕೆಂಪು ಬುಟ್ಟಿಗೆ ಹೋದವು. ಆಯಮ್ಮ ಹೊತ್ತು ಸುರಿದಳು. ತೆರೆಯದೆ ಹಾಳಾದ ಸೀಸೆಗಳ ಬಗ್ಗೆ ಉಗ್ರಾಣದ ಸಾಹೇಬರು ಯಾರಿಗೂ ಪತ್ರ ಬರೆಯಲಿಲ್ಲ.

ಆ ವರ್ಷದ ಕೊನೆಗೆ ಒಬ್ಬಳು ಎಂಟು ದಿನದ ಮಗುವನ್ನು ತಂದಳು. ಬೆಂಚಿನಿಂದ ಎದ್ದು ಹೋದವರಲ್ಲಿ ಒಬ್ಬಳು. ಆಮೇಲೆ ಆಸ್ಪತ್ರೆಯ ಕಡೆ ತಲೆಹಾಕದೆ ಮನೆಯಲ್ಲೇ ಹೆತ್ತಿದ್ದಳು. ಮಗುವಿನ ದವಡೆ ಕಚ್ಚಿಕೊಂಡಿತ್ತು, ಬೆನ್ನು ಬಿಲ್ಲಿನಂತೆ ಬಾಗಿತ್ತು. ಮೊಲೆ ಹಿಡಿಯಲಾಗುತ್ತಿರಲಿಲ್ಲ. ಧನುರ್ವಾಯು. ಎರಡು ದಿನ ಇದ್ದು ಹೋಯಿತು. ಆ ಮಂಚದ ಹಾಸು ಬದಲಿಸಿದ್ದು ಆಯಮ್ಮ. ಆದರೂ ಅವತ್ತು ಸಂಜೆ ಮಗಳ ಮನೆಗೆ ಹೋದವಳು ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು, ಅವಳ ಬೆರಳುಗಳನ್ನು ತನ್ನ ಬೆರಳಿಗೆ ಸುತ್ತಿಸಿಕೊಂಡು ಕೂತು, ಕೊನೆಯ ಬಸ್ಸಿಗೆ ವಾಪಸು ಬಂದಳು. ಬಾಯಿ ಬಿಟ್ಟರೆ ಈ ಮಗುವನ್ನು ಮುಟ್ಟಲೂ ಬಿಡುವುದಿಲ್ಲ ಎಂಬುದೊಂದೇ ಅವಳ ತಲೆಯಲ್ಲಿ ತಿರುಗುತ್ತಿತ್ತು.

ಸೂಜಿಯಕ್ಕನಿಗೆ ವರ್ಗವಾಯಿತು. ಹೆಂಗಸರು ಬರುತ್ತಿಲ್ಲ, ದೂರುಗಳಿವೆ ಎಂದು ಬರೆದಿತ್ತು. ಕಡತಗಳ ಕೋಣೆ, ಊರಾಚೆಯ ಕಟ್ಟಡ. ಕೊನೆಯ ದಿನ ಅವಳು ಫ್ರಿಜ್ಜಿನೊಳಗಿನ ಚಳಿ ಎಷ್ಟಿದೆ ಎಂದು ನೋಡಿ, ಗೋಡೆಯ ಹಾಳೆಯಲ್ಲಿ ಬರೆದು, ಕೋಣೆಯ ಚಪ್ಪಲಿಯನ್ನು ಚೀಲಕ್ಕೆ ಹಾಕಿಕೊಂಡಳು. ಬೀಳ್ಕೊಡಲು ಯಾರೂ ಬರಲಿಲ್ಲ. ಆಯಮ್ಮ ಮಾತ್ರ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದಳು.

"ಇಷ್ಟು ವರ್ಷ ನನ್ನ ಜೊತೆ ಗುದ್ದಾಡಿದ್ರಿ" ಎಂದಳು ಸೂಜಿಯಕ್ಕ. "ಹೋಗಿ ಬರ್ತೀನಿ."

ಆಯಮ್ಮ ಅವಳ ಚೀಲಕ್ಕೆ ಕೈ ಹಾಕಿದಳು. "ಬಸ್ಸಿನ ತನಕ ನಾನು ಹಿಡ್ಕೊಳ್ತೀನಿ."

ಸೂಜಿಯಕ್ಕ ಚೀಲ ಬಿಡಲಿಲ್ಲ. ಇಬ್ಬರೂ ಒಂದೊಂದು ಹಿಡಿಕೆ ಹಿಡಿದು ನಿಂತರು.

"ನನ್ನ ಹೆಸರು ತೊಳೀರಿ ಅಂತ ಕೇಳ್ತಿಲ್ಲ ಆಯಮ್ಮ. ಅದು ಇನ್ನು ತೊಳೆದ್ರೂ ಹೋಗಲ್ಲ. ನಿಮ್ಮ ಮಗಳ ನಾದಿನಿಗೆ ಈಗ ಆರು ತಿಂಗಳು. ನಿನ್ನೆ ಬಂದಿದ್ಲು, ರಟ್ಟೆ ಕೊಡಲಿಲ್ಲ. ಅತ್ತಿಗೆ ಬೇಡ ಅಂದಿದ್ದಾಳಂತೆ. ಡಾಕ್ಟರಮ್ಮ ಹೇಳಿದ್ರೂ ಕೇಳಲ್ಲ, ನಾನು ಹೇಳಿದ್ರಂತೂ ಕೇಳೋದೇ ಇಲ್ಲ. ಮಗು ಹಾಳಾಗಿದ್ದು ಹಾಕಿದ ಸೂಜಿಯಿಂದ ಅಲ್ಲ, ಹಾಕದೆ ಬಿಟ್ಟ ಸೂಜಿಯಿಂದ ಅಂತ ನಿಮ್ಮ ಮಗಳು ನಂಬೋದು ಒಬ್ಬರ ಬಾಯಿಂದ ಬಂದ್ರೆ ಮಾತ್ರ."

ಆಯಮ್ಮ ಹಿಡಿಕೆ ಬಿಡಲಿಲ್ಲ.

"ಯಾವತ್ತು ಹೇಳ್ತೀರಾ?" ಎಂದು ಸೂಜಿಯಕ್ಕ ಕೇಳಿದಳು.