ಒಂದೇ ಹೆಸರಿನ ಅಣ್ಣತಮ್ಮ

ನಮ್ಮ ಮನೆಯಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಒಂದೇ ಹೆಸರಿತ್ತು. ಅಜ್ಜಿ ಇಟ್ಟದ್ದಲ್ಲ. ಬರ್ಮಾದ ಕಡೆ ಯುದ್ಧ ನಡೆಯುತ್ತಿದ್ದಾಗ ಸೈನ್ಯಕ್ಕೆ ಜನ ಸೇರಿಸಿಕೊಳ್ಳುತ್ತಿದ್ದಾರೆಂದು ಕೇಳಿ, ಚಿಕ್ಕಪ್ಪ ಮನೆಯಲ್ಲಿ ಹೇಳದೆ ಗೌರಿಬಿದನೂರಿನಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋದ. ಸೇರುವ ವಯಸ್ಸು ಅವನಿಗಿನ್ನೂ ಆಗಿರಲಿಲ್ಲ. ಅಣ್ಣನ ಹೆಸರು, ಅಣ್ಣನ ವಯಸ್ಸು ಹೇಳಿ ಸೇರಿಕೊಂಡ.

ಆಮೇಲೊಂದು ದಿನ ತಂತಿ ಬಂತು. ಆಗ ನಾನು ಹುಟ್ಟಿರಲಿಲ್ಲ, ಇದು ಅಜ್ಜಿ ಹೇಳಿದ್ದು. ಪೋಸ್ಟಿನವರು ಅಪ್ಪನ ಹೆಸರು ಓದಿ, ಗಾಯಗೊಂಡು ಆಸ್ಪತ್ರೆಯಲ್ಲಿದ್ದಾನೆ ಎಂದರಂತೆ. ಅಪ್ಪ ಅಲ್ಲೇ ದನಕ್ಕೆ ಹುಲ್ಲು ಹಾಕುತ್ತಿದ್ದ. ಅಜ್ಜಿ ಓಡಿಹೋಗಿ ಅವನ ಭುಜ, ತೋಳು ಎಲ್ಲ ಮುಟ್ಟಿ ನೋಡಿದಳು. ಪೆಟ್ಟಾಗಿರುವುದು ಯಾವ ಮಗನಿಗೆ ಎಂದು ತಿಳಿದದ್ದು ಆಮೇಲೆ.

ಚಿಕ್ಕಪ್ಪ ಸೈನ್ಯ ಬಿಟ್ಟು ಊರಿಗೆ ಬಂದಾಗ ನಾನು ಚಿಕ್ಕ ಹುಡುಗಿ. ಅವನ ಹಳೆಯ ಹೆಸರು ಹಿಡಿದು ಕರೆದರೆ ತಿರುಗಿಯೂ ನೋಡುತ್ತಿರಲಿಲ್ಲ. ಅಮ್ಮನಿಗೆ ದೊಡ್ಡ ಪೇಚು. ಗಂಡನ ಹೆಸರು ಹೇಳುವಂತಿಲ್ಲ, ಹಾಗಾಗಿ ಮೈದುನನ ಹೆಸರೂ ಹೇಳುವಂತಿಲ್ಲ. 'ಮಿಲಿಟರೀನ ಊಟಕ್ಕೆ ಕರೀರಿ' ಎಂದು ನಮ್ಮನ್ನು ಕಳಿಸುತ್ತಿದ್ದಳು. ನಾವು ನಗುತ್ತಿದ್ದೆವು, ಅಪ್ಪ ನಗುತ್ತಿರಲಿಲ್ಲ. ಅವನು ಚಿಕ್ಕಬಳ್ಳಾಪುರದ ಸಂತೆಯಿಂದಾಚೆ ಹೋದವನಲ್ಲ. ಹೆಸರು ಕೇಳಿದವರು ಬರ್ಮಾಗೆ ಹೋಗಿದ್ದವರು ನೀವೇನಾ ಎಂದರೆ, ಅಲ್ಲ ಎಂದು ಹೇಳಿ ಸಿಡುಕುತ್ತ ಮನೆಗೆ ಬರುತ್ತಿದ್ದ.

ಚಿಕ್ಕಪ್ಪನಿಗೆ ಸಾದಲಿಯ ಕಡೆಯಿಂದ ಹೆಣ್ಣು ತಂದರು. ಹೊಸಿಲಲ್ಲಿ ಹೆಂಗಸರು ಅಡ್ಡಗಟ್ಟಿ, ಗಂಡನ ಹೆಸರು ಹೇಳಿ ಒಳಗೆ ಬಾ ಎಂದರು. ಚಿಕ್ಕಮ್ಮ ಅವನ ಹಳೆಯ ಹೆಸರು ಹೇಳಿದಳು. ಎಲ್ಲರೂ ನಕ್ಕರು. ಚಿಕ್ಕಪ್ಪ ಯಾರನ್ನೋ ಕರೆದರು ಎಂಬಂತೆ ಸುಮ್ಮನೆ ನಿಂತಿದ್ದ. ಮಿಲಿಟರಿ ಹೆಸರು ಹೇಳು ಎಂದು ಯಾರೋ ಕೂಗಿದರು. ಅದು ಭಾವನ ಹೆಸರು, ಅವರೆದುರಿಗೇ ಹೇಗೆ ಹೇಳುವುದು? ಅವಳ ಕಣ್ಣು ತುಂಬಿದವು.

"ಬಿಡಿ, ಅದು ಅಣ್ಣನ ಹೆಸರು," ಎಂದ ಚಿಕ್ಕಪ್ಪ ಮೆಲ್ಲಗೆ. "ಆದ್ರೆ ಅಲ್ಲಿ ಎಲ್ರೂ ನನ್ನ ಅದೇ ಹೆಸರಿಂದ ಕರೆದ್ರು. ಸಾಯೋರೂ ಅದೇ ಹೆಸರಿಡಿದು ಕರೆದ್ರು. ಈಗ ಬೇರೆ ಹೆಸರು ಕರೆದ್ರೆ ನನ್ನ ಕರೀತಾವ್ರೆ ಅಂತಾನೇ ಅನ್ಸಲ್ಲ."

ಯುದ್ಧದ ವಿಷಯವಾಗಿ ಅವನು ಅಷ್ಟು ಮಾತಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ. ಅಪ್ಪ ಟವೆಲಿನಲ್ಲಿ ಕೈ ಒರೆಸಿಕೊಳ್ಳುತ್ತ ಮುಂದೆ ಬಂದ. "ಹೇಳಮ್ಮ, ಪರವಾಗಿಲ್ಲ. ಅದು ಅವನ ಹೆಸರೂ ಹೌದು," ಎಂದ. ಚಿಕ್ಕಮ್ಮ ಕೇಳಿಸಿಯೂ ಕೇಳಿಸದಂತೆ ಹೇಳಿದಳು. ತನ್ನ ಗಂಡನ ಹೆಸರು ಬೇರೆಯವಳ ಬಾಯಲ್ಲಿ ಕೇಳಿ ಅಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು.

ನಾನು ಹೈಸ್ಕೂಲಿನಲ್ಲಿದ್ದಾಗ ಹಿಂದೂಪುರದ ಕಡೆಯ ಹಳೆಯ ಸಿಪಾಯಿಯೊಬ್ಬರು ಆ ಹೆಸರು ಕೇಳಿಕೊಂಡು ಬಂದರು. ಕುಂಟುತ್ತಿದ್ದರು. ಊರಿನವರು ನಮ್ಮ ಹೊಲಕ್ಕೆ ಕಳಿಸಿದರಂತೆ. ಅವರು ಅಪ್ಪನ ಮುಖ ನೋಡಿ, ಇವರಲ್ಲ ಎಂದು ತೆಲುಗಿನಲ್ಲಿ ಹೇಳಿದರು. ಅಪ್ಪ ಈ ಸಲ ಸಿಡುಕಲಿಲ್ಲ, ಮನೆಗೆ ಕರೆತಂದ. ಚಿಕ್ಕಪ್ಪ ರೇಷ್ಮೆಗೂಡು ತೆಗೆದುಕೊಂಡು ಶಿಡ್ಲಘಟ್ಟಕ್ಕೆ ಹೋಗಿದ್ದ. ಅವನು ಬರುವತನಕ ಅವರು ಜಗುಲಿಯ ಮೇಲೆ ಕೂತು, ಕಾಲಿಗೆ ಗುಂಡು ಬಿದ್ದ ತಮ್ಮನ್ನು ಚಿಕ್ಕಪ್ಪ ಬೆನ್ನ ಮೇಲೆ ಹೊತ್ತು ಹೊಳೆ ದಾಟಿಸಿದ್ದನ್ನು ಹೇಳಿದರು. ಆ ಹೆಸರು ಬಂದಾಗಲೆಲ್ಲ ಅಪ್ಪನ ತಲೆ ಮೇಲೇಳುತ್ತಿತ್ತು. ಕಾಫಿ ಕೊಟ್ಟು, ಇನ್ನೊಂದು ಸಲ ಹೇಳಿ ಎಂದು ಕೇಳಿಸಿಕೊಂಡ.

ಸಂಜೆ ಚಿಕ್ಕಪ್ಪ ಬಂದ. ಬೀದಿಯಲ್ಲೇ ಇಬ್ಬರೂ ತಬ್ಬಿಕೊಂಡು ನಿಂತರು. ಅಪ್ಪ ಜಗುಲಿಯಲ್ಲಿ ಅವರಿಗೆ ಜಾಗ ಬಿಟ್ಟು ಒಳಗೆ ಬಂದು ಅಮ್ಮನಿಗೆ ಹೇಳಿದ, "ನನ್ನ ಹೆಸರನ್ನ ಚೆನ್ನಾಗಿ ನೋಡ್ಕೊಂಡವ್ನೆ ಕಣೇ."

ಬಂದವರು ಒಂದಷ್ಟು ದಿನ ನಮ್ಮಲ್ಲೇ ಉಳಿದರು. ಹೊರಟಾಗ ರೈಲು ಹತ್ತಿಸಲು ಅಣ್ಣತಮ್ಮ ಇಬ್ಬರೂ ಹೋದರು.