ಬಿಡು ಎಂದದ್ದು ಯಾರು?

“ಕಬಡ್ಡಿಯಲ್ಲಿ ಒಮ್ಮೆ ಕಾಲು ಸಿಕ್ಕಿದ್ರೆ ಮತ್ತೆ ಬಿಡ್ಲಿಕ್ಕಿಲ್ಲ ಪಂಕಜಕ್ಕ. ಅವಳ ಉಸಿರು ಮುಗಿಯುವವರೆಗೆ ಉಡದ ಹಾಗೆ ಹಿಡ್ಕೊಳ್ಬೇಕು ಅಂತ ನಮ್ಮ ಪಿ.ಟಿ. ಮಾಸ್ಟ್ರು ಹೇಳ್ತಿದ್ರು. ನಾನು ಕಲ್ತದ್ದೇ ಹಾಗೆ. ಮೂಡಬಿದ್ರೆಯಲ್ಲಿ ನನ್ನ ಕೈಗೆ ಸಿಕ್ಕಿದವಳು ಗೆರೆ ಮುಟ್ಟಿದ್ದುಂಟಾ ಕೇಳಿ ನೋಡಿ ಬೇಕಾದ್ರೆ. ಇಲ್ಲಿ ಬಂದು ಈ ರಗ್ಬಿಗೆ ಸೇರಿದ್ರೆ ಎಲ್ಲ ಉಲ್ಟಾ. ಚೆಂಡು ಹಿಡ್ಕೊಂಡು ಓಡುವವಳನ್ನು ಬೀಳಿಸ್ಬೇಕು, ಬೀಳಿಸಿದ ಕೂಡ್ಲೆ ಬಿಡ್ಬೇಕಂತೆ. ಅವಳು ಎದ್ದು ಚೆಂಡನ್ನು ಕಾಲಲ್ಲಿ ಹಿಂದೆ ತಳ್ತಾಳೆ, ಆಟ ಮುಂದೆ ಹೋಗ್ತದೆ. ಹಾಗೆ ಆರು ಸಲ ಹಿಡಿದ ಮೇಲೆ ಚೆಂಡು ನಮಗೆ. ಬಿಡುದಾದ್ರೆ ಹಿಡಿಯುದು ಯಾಕೆ ಮಾರಾಯ್ರೆ? ಅದರ ಮೇಲೆ ಆ ರೆಫರಿ. ಬಿಡ್ಲಿಕ್ಕೆ ಹೇಳುವಾಗ ‘ಹೆಲ್ಡ್’ ಅಂತಾನೆ. ನನಗೆ ಕೇಳುದು ‘ಹೋಲ್ಡ್’ ಅಂತ. ಹೋಲ್ಡ್ ಅಂದ್ರೆ ಹಿಡ್ಕೊ ಅಂತ ಅಲ್ವಾ? ನಾನು ಇನ್ನೂ ಗಟ್ಟಿ ಹಿಡ್ಕೊಳ್ತೇನೆ, ಅವ ಸೀಟಿ ಊದ್ತಾನೆ. ಹೋದ ವರ್ಷ ನಮ್ಮ ಕಪ್ ಹೋದದ್ದು ಹಾಗೆ.”

ಫ್ಲೆನ್ಸಿ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಪಂಕಜಾಕ್ಷಿ ನಕ್ಕು ನಕ್ಕು ಚಹಾ ಚೆಲ್ಲಿಕೊಂಡಿದ್ದರು. ಕೊಲ್ಲಿ ದೇಶದ ಈಸಾ ಟೌನಿನಲ್ಲಿ ಇಬ್ಬರದೂ ಎದುರುಬದುರು ಮನೆ. ಫ್ಲೆನ್ಸಿ ಅಲ್ಲೇ ಹತ್ತಿರದ ಹಲ್ಲಿನ ಕ್ಲಿನಿಕ್ಕಿನಲ್ಲಿ ನರ್ಸು. ಗಂಡ ವ್ಯಾಲೆಂಟೈನನಿಗೆ ಪಕ್ಕದ ಸಿತ್ರಾದಲ್ಲಿ ಶಿಫ್ಟು ಕೆಲಸ.

ಅವಳು ರಗ್ಬಿಗೆ ಬಿದ್ದದ್ದೂ ಆ ಕ್ಲಿನಿಕ್ಕಿನಿಂದಲೇ. ನ್ಯೂಜಿಲೆಂಡಿನ ಟೀಚರೊಬ್ಬಳು ದವಡೆ ಹಲ್ಲು ಕೀಳಿಸಲು ಬಂದಿದ್ದಳು, ಹೆಸರು ಟ್ರೇಸಿ. ಬಾಗಿಲಿನಷ್ಟು ಅಗಲದ ಹೆಂಗಸು, ಇಕ್ಕಳ ಕಂಡದ್ದೇ ಕುರ್ಚಿಯಿಂದ ಏಳಲು ಹೊರಟಳು. ಫ್ಲೆನ್ಸಿ ಭುಜಕ್ಕೆ ಎರಡು ಕೈ ಕೊಟ್ಟಳು, ಅಷ್ಟೇ. ಡಾಕ್ಟರು “ಬಂತು” ಅನ್ನುವವರೆಗೆ ಆ ದೊಡ್ಡ ದೇಹ ಅಲುಗಾಡಲಿಲ್ಲ. ಬಾಯಿಯ ಹತ್ತಿ ತೆಗೆದ ಕೂಡಲೇ ಟ್ರೇಸಿ ಕೇಳಿದ ಮೊದಲ ಮಾತು, ನೀನು ಯಾವ ಆಟ ಆಡುತ್ತೀ ಅಂತ. ಅವಳು ಹೆಂಗಸರ ರಗ್ಬಿ ಲೀಗ್ ತಂಡವೊಂದಕ್ಕೆ ಕೋಚು. ಮುಂದಿನ ವಾರ ಫ್ಲೆನ್ಸಿ ಅವರ ಮೈದಾನದಲ್ಲಿದ್ದಳು.

ಈ ವರ್ಷ ಪುನಃ ಫೈನಲ್. ಟ್ರೇಸಿ ಮೊದಲೇ ಹೇಳಿಬಿಟ್ಟಿದ್ದಳು, ಹಿಡಿದವಳನ್ನು ಬಿಡದೆ ಪೆನಾಲ್ಟಿ ಕೊಟ್ಟರೆ ಹೊರಗೆ ಕೂರಿಸುತ್ತೇನೆ ಎಂದು. ಫ್ಲೆನ್ಸಿಗೆ ಕಪ್ಪಿನ ಆಸೆ ಇರಲಿಲ್ಲವೆಂದಲ್ಲ. ಆದರೆ ಮನಸ್ಸಿನಲ್ಲಿ ಕೊರೆಯುತ್ತಿದ್ದದ್ದು ಬೇರೆ: ಹೋದ ವರ್ಷ ಅರ್ಧಕ್ಕೇ ಹೊರಗೆ ಬಂದು ಟವೆಲು ಹೊದ್ದು ಕೂತವಳು, ಈ ಸಲ ಕೊನೆಯ ಸೀಟಿಯವರೆಗೆ ಒಳಗಿರಬೇಕು.

ಅದಕ್ಕೆ ಪಂಕಜಾಕ್ಷಿಯೇ ಒಂದು ಉಪಾಯ ಮಾಡಿದ್ದರು. ಲೀಗಿನ ಆಟಗಳಲ್ಲೆಲ್ಲ ಹಗ್ಗದಾಚೆ ನಿಂತು, ರೆಫರಿ ಬಾಯಿ ತೆರೆದ ಕೂಡಲೇ “ಬಿಡು ಫ್ಲೆನ್ಸೀ” ಎಂದು ಕೂಗುವುದು. ಕೇರಿಗೇ ಕೇಳುವ ಸ್ವರ ಅವರದು. ಫ್ಲೆನ್ಸಿಯ ಕೈ ತಾನಾಗಿ ಸಡಿಲವಾಗುತ್ತಿತ್ತು. ತಂಡದ ಐರಿಷ್ ಹುಡುಗಿಯರೂ ಫಿಲಿಪೀನಿನ ಹುಡುಗಿಯರೂ ‘ಬಿಡು’ ಕಲಿತುಬಿಟ್ಟಿದ್ದರು.

ಕಲಿತದ್ದು ಅವರು ಮಾತ್ರ ಅಲ್ಲ ಅಂತ ಗೊತ್ತಾದದ್ದು ಫೈನಲ್ ದಿನ.

ಶುಕ್ರವಾರ ಸಂಜೆ, ತಣ್ಣಗೆ ಗಾಳಿ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಎದುರು ತಂಡದ ಎತ್ತರದ ಹುಡುಗಿಯೊಬ್ಬಳು ಚೆಂಡು ಅಪ್ಪಿಕೊಂಡು ನುಗ್ಗಿದಳು. ಫ್ಲೆನ್ಸಿ ಸೊಂಟಕ್ಕೆ ಬಿದ್ದು ಹಿಡಿದಳು. ಅವಳಿನ್ನೂ ನೆಲಕ್ಕೆ ಬಿದ್ದಿರಲಿಲ್ಲ, ರೆಫರಿಯ ತುಟಿ ಅಲುಗಿರಲಿಲ್ಲ. ಅಷ್ಟರಲ್ಲಿ ಹಿಂದಿನಿಂದ ಸ್ಪಷ್ಟವಾದ ಕನ್ನಡ, “ಬಿಡು ಫ್ಲೆನ್ಸೀ.”

ಬಿಟ್ಟಳು. ಎತ್ತರದವಳು ಒಂದು ಗಳಿಗೆ ತಾನೇ ತಬ್ಬಿಬ್ಬಾಗಿ, ಮತ್ತೆ ಓಡಿ ಹೋಗಿ ಗೆರೆಯಾಚೆ ಚೆಂಡು ಊರಿದಳು. ನಾಲ್ಕು ಪಾಯಿಂಟು ಅವರಿಗೆ.

ಫ್ಲೆನ್ಸಿ ತಿರುಗಿ ನೋಡಿದರೆ ಎದುರು ತಂಡದ ಜರ್ಸಿಯಲ್ಲಿ ಒಬ್ಬಳು ಸಣ್ಣ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದಳು.

“ನೀನು ಎಲ್ಲಿಯವಳು?”

“ಉಳ್ಳಾಲ ಅಕ್ಕ. ರೆಶ್ಮಾ ಅಂತ. ಇಲ್ಲಿ ಹಾಸ್ಟೆಲಲ್ಲಿರುದು. ಬೇಜಾರ್ ಮಾಡ್ಬೇಡಿ, ಆಟ ಅಲ್ವಾ.”

ಅರ್ಧ ಸಮಯದ ವಿರಾಮದಲ್ಲಿ ಟ್ರೇಸಿ ಒಂದೇ ಬೆರಳು ಎತ್ತಿ ತೋರಿಸಿದಳು. ಇನ್ನೊಂದು ತಪ್ಪಾದರೆ ಹೊರಗೆ. ಫ್ಲೆನ್ಸಿ ನೀರಿನ ಬಾಟಲಿ ಹಿಡಿದು ಹಗ್ಗದ ಹತ್ತಿರ ಬಂದಳು.

“ನಾನು ಬಾಯೇ ತೆರೀಲಿಲ್ಲ ಮಾರಾಯ್ತಿ,” ಎಂದರು ಪಂಕಜಾಕ್ಷಿ. “ಆ ಉಳ್ಳಾಲದ್ದು ನನ್ನ ಸ್ವರವನ್ನೇ ತೆಗೀತು.”

“ಇನ್ನು ಯಾರ ಮಾತು ಕೇಳುದು ಪಂಕಜಕ್ಕ? ಬಿಟ್ರೂ ತಪ್ಪು, ಹಿಡಿದ್ರೂ ತಪ್ಪು. ಇವತ್ತೂ ಟವೆಲ್ ಹೊದ್ದು ಕೂತ್ಕೊಳ್ಳುದೇ ನನ್ನ ಹಣೆಬರಹ ಕಾಣ್ತದೆ.”

ಪಂಕಜಾಕ್ಷಿ ಯೋಚಿಸಿದರು. “ಅಲ್ಲ, ಕ್ಲಿನಿಕ್ಕಿನಲ್ಲಿ ಪೇಶಂಟ್ ಬಿಡಿ ಬಿಡಿ ಅಂದ್ರೆ ನೀನು ಬಿಡ್ತೀಯಾ?”

“ಅವರು ಹೇಳಿದ್ದಕ್ಕೆಲ್ಲ ಬಿಟ್ರೆ ಹಲ್ಲು ಬಂದ ಹಾಗೆಯೇ.”

“ಮತ್ತೆ ಯಾವಾಗ ಬಿಡುದು?”

“ಹಲ್ಲು ಬಂತು ಅಂತ ಡಾಕ್ಟ್ರು ಹೇಳಿದಾಗ.”

“ಹಾಗಾದ್ರೆ ರೆಫರಿಯೇ ಡಾಕ್ಟ್ರು ಅಂತ ತಿಳ್ಕೊ. ಅವ ‘ಹೆಲ್ಡ್’ ಅಂದದ್ದು ‘ಹಲ್ಲು’ ಅಂತ ಕೇಳಿಸ್ಕೊ. ಹಲ್ಲು ಬಂತು, ಬಿಡು. ಉಳಿದವರೆಲ್ಲ ಪೇಶಂಟ್. ನಾನೂ ಸೇರಿ.”

ಫ್ಲೆನ್ಸಿ ನಗಲಿಲ್ಲ. ‘ಹೆಲ್ಡ್, ಹಲ್ಲು’ ಎಂದು ಬಾಯಿಪಾಠ ಮಾಡುತ್ತ ಒಳಗೆ ಹೋದಳು.

ಆಮೇಲಿನ ಆಟದಲ್ಲಿ ಅವಳ ಕೈಗೆ ಸಿಕ್ಕಿದವರು ಸರಿಯಾದ ಹೊತ್ತಿಗೆ ಬಿದ್ದರು, ಸರಿಯಾದ ಹೊತ್ತಿಗೆ ಎದ್ದರು. ರೆಶ್ಮಾ ಎರಡು ಸಲ ಕೂಗಿ ನೋಡಿದಳು, ಹಿಡಿತ ಸಡಿಲವಾಗಲಿಲ್ಲ. ಇವರ ತಂಡ ಎರಡು ಪಾಯಿಂಟು ಮುಂದೆ ಬಂತು. ಟ್ರೇಸಿ ಗಡಿಯಾರ ನೋಡತೊಡಗಿದಳು.

ಆಗ ಚೆಂಡು ರೆಶ್ಮಾಳ ಕೈಗೇ ಬಂತು. ಮೀನಿನ ಹಾಗೆ ನುಣುಚಿಕೊಂಡು ಇಬ್ಬರನ್ನು ದಾಟಿದಳು. ಎದುರಿಗೆ ಗೆರೆ. ಫ್ಲೆನ್ಸಿ ಅಡ್ಡ ಹಾರಿ ಪಾದದ ಗಂಟು ಹಿಡಿದಳು. ಕಬಡ್ಡಿಯ ಹಿಡಿತ ಅದು. ರೆಶ್ಮಾ ಒಂಟಿಕಾಲಲ್ಲಿ ಕುಪ್ಪಳಿಸುತ್ತ ಗೆರೆಯ ಕಡೆಗೆ ಜಗ್ಗಿದಳು.

“ಬಿಡಿ ಅಕ್ಕ, ಬಿಡಿ. ಕಾಲು, ಕಾಲು.”

ಪೇಶಂಟ್, ಎಂದುಕೊಂಡಳು ಫ್ಲೆನ್ಸಿ. ಇನ್ನಿಬ್ಬರು ಓಡಿ ಬಂದು ಬಿದ್ದ ಮೇಲೆ ರೆಶ್ಮಾ ನೆಲಕ್ಕೆ ಬಂದಳು. ರೆಫರಿ “ಹೆಲ್ಡ್” ಎಂದ. ಹಲ್ಲು ಬಂತು. ಫ್ಲೆನ್ಸಿ ಎರಡು ಕೈಯನ್ನೂ ಆಕಾಶಕ್ಕೆ ಎತ್ತಿ ಹಿಂದೆ ಸರಿದಳು.

ಅವರಿಗೆ ಇನ್ನೊಂದೇ ಅವಕಾಶ ಉಳಿದಿತ್ತು. ಗಡಿಬಿಡಿಯಲ್ಲಿ ಎತ್ತರದ ಹುಡುಗಿಯ ಕೈಯಿಂದ ಚೆಂಡು ಮುಂದಕ್ಕೆ ಜಾರಿತು, ಈ ಆಟದಲ್ಲಿ ಅದು ತಪ್ಪು. ಸೀಟಿ. ಸ್ವಲ್ಪ ತಡೆದು ಆಟ ಮುಗಿಸುವ ಉದ್ದದ ಸೀಟಿ. ಕಪ್ಪಿನ ಸುತ್ತ ಎಲ್ಲರೂ ಕುಣಿಯುವಾಗ ಫ್ಲೆನ್ಸಿ ಮೈದಾನದ ನಡುವೆ ಸುಮ್ಮನೆ ನಿಂತಿದ್ದಳು. ಟ್ರೇಸಿ ಬಂದು ಕರೆದರೂ ಹೊರಗೆ ಬರಲು ಮನಸ್ಸಾಗಲಿಲ್ಲ.

ರೆಶ್ಮಾ ಕುಂಟುತ್ತ ಬಂದಳು. “ಕೊನೆಗೆ ಹೇಳಿದ್ದು ಸುಳ್ಳಲ್ಲ ಅಕ್ಕ. ನಿಜವಾಗಿ ಕಾಲು ಹೊರಳಿತ್ತು.”

“ಮೊದಲು ಸುಳ್ಳು ಹೇಳಿದ್ದು ಯಾರು?”

“ನಾನೇ.”

“ಆಯ್ತು, ನಡಿ. ಊಟಕ್ಕೆ ನಮ್ಮಲ್ಲಿ. ಹಾಸ್ಟೆಲಿನ ಮೆಟ್ಟಿಲು ಈ ಕಾಲಲ್ಲಿ ಹತ್ತುದು ಬೇಡ.”

ಮನೆಗೆ ಬಂದು ಫ್ಲೆನ್ಸಿ ಅವಳ ಕಾಲಿಗೆ ಐಸು ಕಟ್ಟಿ, ಒಂದು ಸ್ಟೂಲಿನ ಮೇಲೆ ಇಟ್ಟಳು. ವ್ಯಾಲೆಂಟೈನ್ ಬರುವ ಬಸ್ಸಿಗೆ ಇನ್ನೂ ಹೊತ್ತಿತ್ತು. ಪಂಕಜಾಕ್ಷಿ ಕಾಯಿ ತುರಿಯುತ್ತ ಇಡೀ ಫೈನಲನ್ನು ಫೋನಿನಲ್ಲಿ ತಂಗಿಗೆ ಹೇಳುತ್ತಿದ್ದರು. ರೆಶ್ಮಾಳ ಮಡಿಲಿಗೆ ಬೆಳ್ಳುಳ್ಳಿಯ ತಟ್ಟೆ ಕೊಟ್ಟು ಫ್ಲೆನ್ಸಿ ಸಿಂಕಿನ ಎದುರು ನಿಂತಳು. ಬಂಗುಡೆಯ ರೆಕ್ಕೆ ಕತ್ತರಿಸಿ, ಹೊಟ್ಟೆ ಸೀಳಿ, ಒಂದೊಂದನ್ನೇ ನಲ್ಲಿಯ ಕೆಳಗೆ ತೊಳೆದು ಬಟ್ಟಲಿಗೆ ಹಾಕತೊಡಗಿದಳು.