ಮಂಕಿ ಮಾಬ್ಲನ ಕಾರ್ಡು

ಪಾಂಡು ಕುಮಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಮೀನುಗಾರರ ಮನೆಯವನು. ದೋಣಿ ಮಾರುವ ವಿಷಯಕ್ಕೆ ಅಣ್ಣನೊಡನೆ ಜಗಳವಾಡಿ, ಏಳು ವರ್ಷದಿಂದ ತನ್ನೂರು ಮಂಕಿಯ ಕಡೆ ತಲೆ ಹಾಕಿರಲಿಲ್ಲ. ಬಾಯಿ ಬಿಟ್ಟರೆ ಮುತ್ತು ಉದುರೀತು ಎಂಬಂತಿದ್ದ. ಕೆಲಸ ಮಾತ್ರ ಚೊಕ್ಕ.

೨೦೦೪ರ ಒಂದು ಸೋಮವಾರ ನನ್ನ ಡಿಟಿಪಿ ಅಂಗಡಿಯ ಕಂಪ್ಯೂಟರ್ ಕೈಕೊಟ್ಟಿತು. ವಿಂಡೋಸ್ ಅರ್ಧಕ್ಕೆ ಬಂದು ಮತ್ತೆ ಮೊದಲಿಗೆ ಹೋಗುವುದು. ಸಂಜೆಯೊಳಗೆ ಒಂದು ವೈಕುಂಠ ಸಮಾರಾಧನೆಯ ಕಾರ್ಡು ಅಚ್ಚಾಗಬೇಕಿತ್ತು. ಪಾಂಡು ಆ ತಿಂಗಳಷ್ಟೇ ಅಂಗಡಿ ಬದಲಿಸಿದ್ದ, ಹೊಸ ಜಾಗಕ್ಕೆ ಫೋನ್ ಬಂದಿರಲಿಲ್ಲ. ಅವನನ್ನು ಬೈಯುತ್ತಲೇ ರಿಕ್ಷಾದಲ್ಲಿ ಸಿಪಿಯು ಹೇರಿಕೊಂಡು ಹೋದೆ.

ನನ್ನ ಹಾರ್ಡ್‌ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ ಅದರ ರಿಜಿಸ್ಟ್ರಿ ತೆರೆದ. ವಿಂಡೋಸ್ ತನಗೆ ನೆನಪಿರಬೇಕಾದ್ದೆಲ್ಲ ಬರೆದಿಡುವ ಜಾಗವದು. ಮೊದಲು ಒಂದು ಪ್ರತಿ ತೆಗೆದಿಟ್ಟ. ವೈರಸ್ ಕೆಡಿಸಿದ್ದ ಸಾಲನ್ನು ತಿದ್ದಿ, ಇನ್ನೆಲ್ಲಾದರೂ ಅಡಗಿದೆಯೇ ಎಂದು ಹುಡುಕುತ್ತಿದ್ದವನು ತಟ್ಟನೆ ನಿಂತ. ನಾನು ಈಚೆಗೆ ತೆರೆದ ಫೈಲುಗಳ ಹೆಸರುಗಳು ಅಲ್ಲಿದ್ದವು. ಮೊದಲನೆಯದೇ, ಮಂಕಿ ಮಾಬ್ಲ ತಾಂಡೇಲ, ವೈಕುಂಠ.

"ಇದು ಎಂತ, ಮಾಲತಕ್ಕ?"

ತೀರಿಹೋದವರ ಮಗ ಅಜಯ ಮಾಡಿಸಿದ ಕಾರ್ಡು, ಅಪ್ಪ ಹೋಗಿ ಎಂಟು ದಿನವಾಯಿತಂತೆ ಎಂದೆ. ಪಾಂಡುವೂ ತಾಂಡೇಲನೇ, ಆದರೆ ತಾಂಡೇಲರು ಕರಾವಳಿ ತುಂಬ ಇದ್ದಾರೆ, ನನಗೇನು ಗೊತ್ತು? ಅವನ ಮುಖ ನೋಡಿದ ಮೇಲೆ ಗೊತ್ತಾಯಿತು.

"ನಿನ್ನೆ ಮದ್ವೆ ಊಟ ಉಂಡ್ಕಂಡ್ ಬಂದೆ," ಎಂದ. "ಅಣ್ಣನ ಸೂತಕದಲ್ಲಿ."

ಅವನು ಸ್ಕ್ರೂಡ್ರೈವರ್ ಕೆಳಗಿಟ್ಟ. ಡಿಸ್ಕನ್ನು ತಿರುಗಿ ಕೂರಿಸಿ ಸ್ಕ್ರೂಗಳನ್ನು ನಾನೇ ಬಿಗಿದೆ. ಕಂಪ್ಯೂಟರ್ ಎದ್ದಿತು. ಕಾರ್ಡು ತೆರೆದೆವು. ಮಾಬ್ಲನ ದೊಡ್ಡ ಫೋಟೋ, ಅದರಡಿ ಹೆಂಡತಿ ಮಾಸ್ತಮ್ಮ, ಮಗ ಅಜಯ, ಮಗಳು ದೀಪಿಕಾ. ಅಷ್ಟೇ. ಪಾಂಡು ಬೆರಳಿಟ್ಟು ಎರಡು ಸಲ ಓದಿದ. ತನ್ನನ್ನು ಮನೆಯಿಂದ ತೆಗೆದೇಬಿಟ್ಟರು ಎಂದ.

ಆಗ ನನಗೆ ನೆನಪಾಯಿತು. ಚಿಕ್ಕಪ್ಪನ ಅಂಗಡಿ ಮುಚ್ಚಿದೆ, ಫೋನೂ ಹತ್ತುವುದಿಲ್ಲ ಎಂದು ಅಜಯ ಅಂದಿದ್ದ. ಚೀಲದಲ್ಲಿ ತಡಕಾಡಿ ಅವನು ಬರೆದುಕೊಟ್ಟ ಹಾಳೆ ತೆಗೆದೆ. ಕೊನೆಯ ಸಾಲು, ತಮ್ಮ ಪಾಂಡುರಂಗ. ಜಾಗ ಸಾಲದೆ ಆ ಸಾಲನ್ನು ಕಿತ್ತವಳು ನಾನು. ಅಜಯನನ್ನು ಒಂದು ಮಾತು ಕೇಳಬೇಕೆಂದುಕೊಂಡು ಮರೆತೇಬಿಟ್ಟಿದ್ದೆ.

ಹಾಳೆಯನ್ನು ಅವನ ಕೈಗಿತ್ತು ನಡೆದದ್ದನ್ನು ಹಾಗೆಯೇ ಹೇಳಿದೆ. ಅವನು ಬೈಯಲಿಲ್ಲ. ಬೈದಿದ್ದರೆ ನನಗೆ ಒಳ್ಳೆಯದಿತ್ತು. ಜಾಗ ಮಾಡಲೆಂದು ಫೋಟೋ ಚಿಕ್ಕದು ಮಾಡಲು ಹೋದೆ. ಅವನು ನನ್ನ ಕೈ ತಡೆದ.

"ಅಣ್ಣನ ಫೋಟೋ ಹಂಗೇ ಇರ್ಲಿ. ನನ್ನ ಹೆಸ್ರು ಸಣ್ಣ ಅಕ್ಷರದಲ್ಲಿ ಹಾಕು."